ವಯೋಮಿಂಗೇ ಆಗಬೇಕು

ವಯೋಮಿಂಗ್ ಕಣೇ, ಡಿಯೊಲಿಂಡಾ! ವಯೋಮಿಂಗ್! ...ಯಾಕೆ ನಗ್ತೀಯ? ನಾನೂ ಆ ರಾಜ್ಯದ ಕಡೆ ತಲೆ ಹಾಕಿದವಳಲ್ಲ, ಒಪ್ಪಿದೆ. ನಾವು ಅಲ್ಲಿಗೆ ಹೋಗ್ಬೇಕು ಅಂತ ಯಾರು ಹೇಳಿದ್ರು? ಕಂಪನಿ ಅಲ್ಲಿ ಹುಟ್ಟುತ್ತೆ, ಹೊಲಿಗೆ ಇಲ್ಲೇ ನಡೆಯುತ್ತೆ, ಫಾಲ್ ರಿವರ್‌ನಲ್ಲೇ, ನಿನ್ನ ಅಡುಗೆಮನೆ ಪಕ್ಕದ ರೂಮಲ್ಲೇ. ನಮ್ಮ ಪರವಾಗಿ ಕಾಗದ ಪತ್ರ ಇಸ್ಕೊಳ್ಳೋಕೆ ಅಲ್ಲಿ ಯಾರೋ ಒಬ್ಬ ಕೂತಿರ್ತಾನಂತೆ, ಅವನಿಗೊಂದಿಷ್ಟು ಕೊಟ್ರೆ ಮುಗೀತು... ನಗ್ಬೇಡ ಅಂದ್ನಲ್ಲ! ಬಾಯಲ್ಲಿರೋ ಬ್ರೆಡ್ಡು ಗಂಟಲಿಗೆ ಸಿಕ್ಕೊಳ್ಳುತ್ತೆ.

ಖರ್ಚು ಕೇಳು ಮೊದಲು. ಇಲ್ಲಿ ಕಂಪನಿ ಶುರು ಮಾಡೋಕೆ ಬಾಸ್ಟನ್‌ನಲ್ಲಿ ಕೂತಿರೋ ಸರ್ಕಾರದೋರಿಗೆ ಐನೂರು ಡಾಲರ್ ಸುರೀಬೇಕು. ಆಮೇಲೆ ವರ್ಷಾ ವರ್ಷಾ ಮತ್ತೆ ಐನೂರು. ಯಾಕಂತೆ? ಇನ್ನೂ ಉಸಿರಾಡ್ತಾ ಇದ್ದೀವಿ ಅಂತ ಹೇಳೋಕೆ! ವಯೋಮಿಂಗಲ್ಲಿ ನೂರು ಕಣೇ, ಬರೀ ನೂರು. ಆಮೇಲೆ ವರ್ಷಕ್ಕೆ ಅರವತ್ತು. ...ಡೆಲವೇರಾ? ಅಯ್ಯೋ, ಅದು ದೊಡ್ಡ ದೊಡ್ಡ ಕುಳಗಳಿಗೆ. ಮದುವೆ ಗೌನಿನ ಅಂಚು ಮಡಿಸೋ ನಮ್ಮಂಥೋರಿಗೆ ಯಾತಕ್ಕೆ!

ಕಂಪನೀನೇ ಬೇಡ ಅಂತ ನಾನೆಲ್ಲಿ ಅಂದೆ? ಬೇಕೇ ಬೇಕು. ಹೋದ ತಿಂಗಳು ಆ ಗೌನಿನ ಲೇಸು ಹರಿದಾಗ ಹುಡುಗಿಯ ಅಮ್ಮ ಏನಂತ ಕಿರುಚಿದ್ಲು? ಕೋರ್ಟಿಗೆ ಎಳೀತೀನಿ, ಮನೆ ಮಾರಿಸ್ತೀನಿ ಅಂತ. ನಿನ್ನ ಗಂಡ, ಪಾಪ, ಮೀನಿನ ದೋಣೀಲಿ ಸೊಂಟ ಮುರ್ಕೊಂಡು ಮಾಡಿದ ಮನೆ ಇದು. ಕಂಪನಿ ಅಂತ ಒಂದಿದ್ರೆ ಜಗಳ ಕಂಪನಿ ಬಾಗಿಲಲ್ಲೇ ನಿಲ್ಲುತ್ತೆ, ಮನೆ ಹೊಸ್ತಿಲಿಗೆ ಬರಲ್ಲ. ಅದಕ್ಕೇ ಹೇಳ್ತಿರೋದು, ಮಾಡೋಣ, ಆದ್ರೆ ಅಲ್ಲಿ ಮಾಡೋಣ.

ಏನು? ...ಗಿಲ್ಬರ್ಟೊ ಹೇಳಿದ್ನಾ? ನಿನ್ನ ಅಕ್ಕನ ಮಗ ಲೆಕ್ಕಪತ್ರ ನೋಡ್ತಾನೆ ಅಂತ ಅವನ ಮಾತೆಲ್ಲ ವೇದವಾಕ್ಯಾನಾ? ...ಕೆಲಸ ಇಲ್ಲಿ ಮಾಡಿದ್ರೆ ಇಲ್ಲೂ ನೋಂದಾಯಿಸಬೇಕಂತಾ? ಹೊರರಾಜ್ಯದ ಕಂಪನಿ ಅಂತ? ಅದಕ್ಕೂ ಐನೂರು, ವರ್ಷಾ ವರ್ಷಾ ಐನೂರು... ಗೊತ್ತು. ಹೂಂ, ಗೊತ್ತಿತ್ತು ಕಣೇ. ಎರಡೂ ಕಡೆ ಕಟ್ಟೋಣ. ಆ ಕಡೇದು ನನ್ನ ಪಾಲಲ್ಲಿ ಕಟ್ತೀನಿ.

ನೋಡು, ಈಗ ನಗೂನೂ ನಿಲ್ಲಿಸ್ದೆ. ಹೇಳೇ! ಪ್ಲಾಸ್ಟಿಕ್ ಚೀಲ ತೊಳೆದು ಹಗ್ಗದ ಮೇಲೆ ಒಣಗಿಹಾಕೋ ಈ ವರ್ನಾ ಅನ್ನೋಳು, ಒಂದೇ ಟೀ ಪೊಟ್ಟಣದಲ್ಲಿ ಬೆಳಗ್ಗೆ ಸಂಜೆ ಎರಡೂ ಕಳೆಯೋಳು, ಒಂದೇ ಕೆಲಸಕ್ಕೆ ಎರಡು ಕಡೆ ದುಡ್ಡು ಕಟ್ತಾಳಂತೆ ಅಂತ ಆಡ್ಕೊ. ಬಾಯ್ತುಂಬ ಬೈದುಬಿಡು.

...ಅಲ್ಲಿ ಹೆಸರು ಕಾಣಲ್ಲ. ಮಾಲೀಕರ ಹೆಸರು. ಇಲ್ಲಾದ್ರೆ ಹೆಸರು, ವಿಳಾಸ, ಎಲ್ಲ ಸರ್ಕಾರದ ವೆಬ್‌ಸೈಟಲ್ಲಿ ಹಾಕಿಬಿಡ್ತಾರೆ. ಯಾವನು ಬೇಕಾದ್ರೂ ಮನೇಲಿ ಕೂತು ನೋಡ್ಬಹುದು. ...ಏನಂದೆ? ಹೊರಗಿನ ಕಂಪನೀನ ಇಲ್ಲಿ ನೋಂದಾಯಿಸುವಾಗ್ಲೂ ಹೆಸರು ಕೇಳ್ತಾರಾ? ಗಿಲ್ಬರ್ಟೊಗೆ ಸರಿಯಾಗಿ ಗೊತ್ತಾ? ...ಅದೂ ಹೋಯ್ತು ಹಾಗಾದ್ರೆ. ಸರಿ ಬಿಡು. ನನ್ನ ಹೆಸರೇ ಬೇಡ. ನಿನ್ನೊಬ್ಬಳದೇ ಇರ್ಲಿ. ನಾನು ಕೂಲಿಗೆ ಹೊಲಿಯೋಳು ಅಂತ ಇಟ್ಕೊ.

ಅಯ್ಯೋ, ತಟ್ಟೆ ಯಾಕೆ ಹಾಗೆ ತಳ್ತೀಯ? ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಕಣೇ! ಗೊತ್ತು ಗುರಿ ಇಲ್ಲದೋಳಿಗೆ ನೀನು ಮಹಡಿ ಬಿಟ್ಟುಕೊಟ್ಟೆ. ಬಂದ ದಿನವೇ ಕೇಲ್ ಸೊಪ್ಪಿನ ಸೂಪು ಮಾಡಿ ಬಡಿಸ್ದೆ. ನಮ್ಮಮ್ಮ ಹೆತ್ತೋರು ಯಾರೂ ನನ್ನನ್ನ ಹಾಗೆ ನೋಡ್ಕೊಂಡಿಲ್ಲ. ...ಸಾಲ. ಒಹಾಯೋದಲ್ಲಿ ಒಂದು ಹಳೇ ಸಾಲ ಇದೆ. ಕೊಟ್ಟೋರು ಹುಡುಕ್ತಿದ್ದಾರೆ. ಅಷ್ಟೇ.

ಅಷ್ಟೇ ಅಂದ್ನಲ್ಲ!

...ತೋಳು ಯಾಕೆ ನೋಡ್ತೀಯ? ಆ ಸುಟ್ಟ ಕಲೆ ಇಸ್ತ್ರಿ ಪೆಟ್ಟಿಗೆ ತಾಗಿದ್ದು. ಹೊಲಿಯೋರ ಮೈಮೇಲೆ ಇರೋದೇ ತಾನೇ... ಮೊಣಕೈ ಹಿಂದೆ ಯಾರು ತಾವಾಗೇ ಸುಟ್ಕೋತಾರೆ ಅಂತ ಕೇಳ್ತಿದ್ದೀಯ, ಅಲ್ವಾ? ಬಾಯಿ ತೆಗೀದೇ ಕೇಳ್ತೀಯಲ್ಲೇ. ಹೋಗೇ.

ಸಾಲ ಅಲ್ಲ. ಮಗ.

ಹೂಂ, ಮಕ್ಕಳಿಲ್ಲ ಅಂದಿದ್ದೆ. ಇದ್ದಾನೆ. ಡ್ವೇನ್. ನಿಮ್ಮ ಗಿಲ್ಬರ್ಟೊ ವಯಸ್ಸೇ. ನೋವಿನ ಮಾತ್ರೆ ಚಟ ಕಣೇ, ಬೆನ್ನುನೋವಿಗೆ ಅಂತ ಡಾಕ್ಟರು ಕೊಟ್ಟಿದ್ದು, ಅಂಟ್ಕೊಂಡ್ತು. ಕೈಗೆ ದುಡ್ಡು ಕೊಟ್ಟ ದಿನ ಅಮ್ಮಾ ಅಮ್ಮಾ, ಇಲ್ಲ ಅಂದ ದಿನ... ನೋಡಿದ್ಯಲ್ಲ ತೋಳು. ಪೆನ್ಸಿಲ್ವೇನಿಯಾಕ್ಕೆ ಓಡಿದೆ. ಅಲ್ಲಿ ಹಣ್ಣಿನ ಪೈ ಮಾಡೋ ಸ್ಪರ್ಧೇಲಿ ಬಹುಮಾನ ಬಂತು ಅಂತ ಚರ್ಚಿನೋರು ಪ್ರೀತಿಯಿಂದ ನನ್ನ ಹೆಸರು ಹಾಕಿದ್ರು, ವೆಬ್‌ಸೈಟಲ್ಲಿ. ಅಷ್ಟು ಸಾಕಾಯ್ತು ಅವನಿಗೆ, ಬಾಗಿಲಿಗೇ ಬಂದ. ದಡ್ಡ ಆಗಿದ್ರೆ ಚೆನ್ನಾಗಿತ್ತು. ಕೂತಲ್ಲೇ ಕೂತು ಒಂದೊಂದೇ ರಾಜ್ಯ ಜಾಲಾಡ್ತಾನೆ.

ಹೆತ್ತ ಮಗನಿಗೆ ಹೆದರಿ ಹೆಸರು ಬಚ್ಚಿಟ್ಕೊಂಡಿದ್ದೀನಿ ಅಂತ ಯಾರ ಹತ್ರ ಹೇಳ್ಲಿ? ಯಾವ ಬಾಯಲ್ಲಿ ಹೇಳ್ಲಿ? ...ಆದ್ರೂ ಅವನ ಹುಟ್ಟಿದ ಹಬ್ಬಕ್ಕೆ ಈಗಲೂ ಕೇಕ್ ಮಾಡ್ತೀನಿ. ನೀನೂ ತಿಂದಿದ್ದೀಯ, ಮಾರ್ಚಲ್ಲಿ. ಏನು ವಿಶೇಷ ಅಂತ ನೀನು ಕೇಳ್ದೆ, ಮೊಟ್ಟೆ ಹಾಳಾಗುತ್ತೆ ಅಂತ ಮಾಡ್ದೆ ಅಂತ ನಾನಂದೆ.

ಅಬ್ಬಾ. ಹೇಳಿಬಿಟ್ಟೆ. ಎದೆ ಹಗುರಾಯ್ತು. ಇನ್ನು ನಿನಗೆ ಎಲ್ಲ ಗೊತ್ತಾಯ್ತಲ್ಲ, ನಿನ್ನ ಹೆಸರೊಂದೇ ಹಾಕಿ ಅರ್ಜಿ ಕಳಿಸು, ನಾನು... ಡಿಯೊಲಿಂಡಾ? ಯಾಕೆ, ಮುಖ ಹಾಗೆ ಬಿಳಿಚ್ಕೊಂಡಿದೆ? ಬಾಯಿಂದ ಕೈ ತೆಗಿ.

ಗಿಲ್ಬರ್ಟೊ ಮೊನ್ನೆ ಬಂದಿದ್ದು ಯಾಕೆ?

...ಅರ್ಜಿ ಕಳಿಸಿಲ್ಲ ತಾನೇ? ಕೂತು ಮಾತಾಡಿ ಆಮೇಲೆ ಕಳಿಸೋಣ ಅಂದಿದ್ವಲ್ಲ. ನನ್ನ ಕೇಳದೆ ನೀನು ಸೂಜೀನೂ ಕೊಳ್ಳೋಳಲ್ಲ. ಇಲ್ಲ ಅನ್ನು. ಸುಳ್ಳಾದ್ರೂ ಸರಿ, ಒಂದು ಸಲ ಇಲ್ಲ ಅನ್ನೇ! ...ಅದಕ್ಕಾ ನೀನು ನಗ್ತಿದ್ದಿದ್ದು? ಎಲ್ಲ ಆಗಿಹೋಗಿದೆ, ಇವಳು ವಯೋಮಿಂಗ್ ಅಂತ ಕೂತಿದ್ದಾಳೆ ಅಂತಾ?

ನನ್ನ ಹೆಸರನ್ನೇ ಮೊದಲು ಹಾಕ್ಸಿದ್ಯಾ? ನನಗೆ ಖುಷಿಯಾಗ್ಲಿ ಅಂತ? ...ವಿಳಾಸ, ಈ ಮನೇದು. ಇನ್ಯಾವುದು ಕೊಡ್ತೀಯ, ಪಾಪ.

ತೆಗಿಸೋಕಾಗಲ್ಲ ಕಣೇ. ತಿದ್ದಿಸಿದ್ರೂ ಹಳೇದು ಅಲ್ಲೇ ಕೂತಿರುತ್ತೆ. ನಾನೂ ವಿಚಾರಿಸಿದ್ದೆ.

ಅಳ್ಬೇಡ. ನಿನ್ನದೇನೂ ತಪ್ಪಿಲ್ಲ, ಬಾಯಿ ಬಿಡದೆ ಇದ್ದೋಳು ನಾನು. ಶನಿವಾರ ಮದುವೆ ಇರೋ ಹುಡುಗಿದು ಎಡತೋಳು ಇನ್ನೂ ಬಿಗಿ ಇದೆ, ಒಂದು ಬೆರಳಷ್ಟು ಬಿಟ್ಟು ಹೊಲಿ. ...ನಾನು ಹೊರಡ್ತೀನಿ. ಎಲ್ಲಿಗೆ ಅಂತ ಕೇಳ್ಬೇಡ. ನಿನಗೆ ಗೊತ್ತಿದ್ರೆ ಅವನು ಬಾಯಿ ಬಿಡಿಸ್ತಾನೆ. ಬಂದೇ ಬರ್ತಾನೆ. ಅಮ್ಮ ಇದ್ದಾಳಾ ಅಂತ ನಯವಾಗಿ ಕೇಳ್ತಾನೆ, ಮೊದಮೊದಲು ತುಂಬ ನಯ. ಬಾಗಿಲು ತೆಗೀಬೇಡ. ಪೊಲೀಸರಿಗೆ ಫೋನ್ ಮಾಡು, ನನ್ನ ಮಗ ಅಂತ ನೋಡ್ಬೇಡ, ಮಾಡು.

ಅವರು ಬರೋವರೆಗೂ ಪರದೆ ಸಂದೀಲಿ ಒಂದು ಸಲ ನೋಡೇ ಅವನನ್ನ. ಮೈ ತುಂಬ್ಕೊಂಡಿದ್ದಾನಾ, ಸೊರಗಿದ್ದಾನಾ, ಚಳಿಗೆ ಏನಾದ್ರೂ ಹಾಕ್ಕೊಂಡಿದ್ದಾನಾ ಅಂತ. ನನಗೆ ಹೇಳೋಕಂತೂ ಆಗಲ್ಲ ನಿನಗೆ, ನಾನೆಲ್ಲಿರ್ತೀನೋ ಏನೋ. ಆದ್ರೂ ನೋಡು.