ಕತೆಲ್ಲೊ ತೋರಿಸಿದ ದಾರಿ

ಸುಳ್ಳು ಹೇಳಂಗಿದ್ರೆ ಇದಕ್ಕಿಂತ ಚೆನ್ನಾಗಿರೋದು ಹೇಳ್ತಿದ್ದೆ. ಇದು ನಡೆದದ್ದು. ನಮ್ಮವ್ವನ ಗೋರಿ ಆಣೆಗೂ ನಡೆದದ್ದು. ನಂಬೋರು ಕುರ್ಚಿ ಹತ್ರ ಎಳ್ಕೊಳ್ಳಿ. ನಂಬದೆ ಇರೋರು ಮೇಲೆ ಹೋಗಿ ಮಲ್ಕೊಳ್ಳಿ... ಆದ್ರೆ ಹೋಗೋವಾಗ ಅಂಗಳದ ಆ ಬಾವಿ ಪಕ್ಕದಲ್ಲೇ ಹೋಗ್ಬೇಕು, ಯೋಚ್ನೆ ಮಾಡಿ.

ನೀವು ಮೊನ್ನೆ ಮೊನ್ನೆ ಬಾಡಿಗೆಗೆ ಬಂದೋರು, ನಿಮಗೆ ನಾನ್ಯಾರು ಅಂತ ಗೊತ್ತಿಲ್ಲ. ನಲವತ್ತು ವರ್ಷ ಈ ವಠಾರದ ಬಾಗ್ಲು ಕಾದೋನು. ಅನಿಯೆಲ್ಲೊ ಅಂದ್ರೆ ನೇಪಲ್ಸ್‌ನಲ್ಲಿ ಪೊಲೀಸೋರೂ ಟೋಪಿ ತೆಗೀತಾರೆ. ಈ ಬೀದೀಲಿ ನನಗೆ ಗೊತ್ತಿಲ್ದಂಗೆ ಒಂದು ಬೆಕ್ಕೂ ಮನೆ ಬದಲಾಯ್ಸಲ್ಲ.

ಮೂರನೇ ಮಹಡೀಲಿ ಕಿಟಕಿ ಮುಚ್ಚಿರೋ ಮನೆ ಐತಲ್ಲ? ಅದು ರಿಸ್ಪೋಲಿದು. ದೊತ್ತೋರ್ ರಿಸ್ಪೋಲಿ. ಸೂಜಿ ಚುಚ್ಚೋ ಡಾಕ್ಟರಲ್ಲ, ಓದಿರೋ ಡಾಕ್ಟರು. ಯೂನಿವರ್ಸಿಟೀಲಿ ಕಾನ್ಫರೆನ್ಸು ನಡ್ಸೋ ಸಾಹೇಬ. ಇದು ಅವನಿಗೆ ಆದದ್ದು. ಅವನ ಬಾಯಿಂದ್ಲೇ ನಾನು ಕೇಳಿದ್ದು.

ಮೇಲಿನ ಚೌಕದಲ್ಲಿ ಹಳೇ ಮಠ ಐತೆ. ಮೊದ್ಲು ಸನ್ಯಾಸಿನೀರು ಇದ್ರು, ಈಗ ಕಾನ್ಫರೆನ್ಸೆಲ್ಲ ಅಲ್ಲೇ. ಆದ್ರೆ ಅದರ ಬಾಗ್ಲು ಚೌಕದ ಕಡೆಗಿಲ್ಲ. ಗಲ್ಲಿ ಒಳಗೈತೆ, ಹಸಿರು ಬಾಗ್ಲು. ಹೊಸಬರಿಗೆ ಅದು ಸಿಗೋದೇ ಇಲ್ಲ. ಜರ್ಮನಿಯೋರು, ಸ್ವೀಡನ್ನೋರು, ಕತ್ತಲ್ಲಿ ಹೆಸರಿನ ಚೀಟಿ ನೇತಾಕ್ಕಂಡು, ಕಲ್ಲಿನ ಮೇಲೆ ಸೂಟ್‌ಕೇಸ್ ಗಡಗಡ ಗಡಗಡ ಎಳ್ಕೊಂಡು ಬರೋರು. ಬಂದು ಚೌಕದ ಮೂಲೇಲಿದ್ದ ಪೇಪರ್ ಗೂಡಂಗ್ಡೀಲಿ ಕೇಳೋರು.

ಆ ಗೂಡಂಗ್ಡಿ ಕತೆಲ್ಲೊ ಅನ್ನೋನ್ದು. ಬೆಳಗಾಗೋಕೆ ಮುಂಚೆ ಬಂದು ಪೇಪರ್ ಕಟ್ಟಿನ ಪ್ಲಾಸ್ಟಿಕ್ ಪಟ್ಟಿ ಚಾಕೂಲಿ ಕುಯ್ಯೋನು. ಚಕ್... ಚಕ್. ಇಡೀ ಬೀದಿ ಆ ಸದ್ದಿಗೇ ಏಳೋದು. ದಾರಿ ಕೇಳ್ದೋರಿಗೆಲ್ಲ ಹೊರಗೆ ಬಂದು ಕೈ ಚಾಚಿ ತೋರ್ಸೋನು. "ಬಲಕ್ಕೆ ತಿರುಗು ತಾಯಿ, ಮೀನಂಗ್ಡಿ ದಾಟು, ಹಸಿರು ಬಾಗ್ಲು." ಅವರು ನಕ್ಕು ಹೋಗ್ಬುಡೋರು. ಒಂದು ಪೆಪ್ಪರ್‌ಮೆಂಟೂ ತಗೊಳ್ತಿರ್ಲಿಲ್ಲ.

"ಒಬ್ಬರನ್ನೂ ತಪ್ಪು ಬಾಗ್ಲಿಗೆ ಕಳ್ಸಿಲ್ಲ ಕಣೋ ಅನಿಯೆಲ್ಲೊ," ಅನ್ನೋನು ನಂಗೆ. ನಾನು ಅವನ ಪ್ರಾಣಸ್ನೇಹಿತ. ದಿನಾ ಅವನ ಅಂಗ್ಡಿಗೆ ಒರಗಿ ನಿಂತು ಪೇಪರ್ ಪೂರ್ತಿ ಓದಿ, ಮಡಿಕೆ ಕೆಡದಂಗೆ ವಾಪಸ್ ಇಡ್ತಿದ್ದೆ.

ಈ ರಿಸ್ಪೋಲಿ ಏನ್ ಮಾಡ್ದ? ಗೂಡಂಗ್ಡಿ ಮಠಕ್ಕೆ ಅಡ್ಡ ಬರ್ತದೆ, ಫೋಟೋದಲ್ಲಿ ಅಸಹ್ಯ ಕಾಣ್ತದೆ ಅಂತ ಅರ್ಜಿ ಹಾಕ್ದ. ಒಂದಲ್ಲ, ಹತ್ತು ಹಾಕ್ದ. ಕೊನೆಗೆ ಲಾರಿ ಬಂತು. ಗೂಡಂಗ್ಡೀನ ಹಲ್ಲು ಕಿತ್ತಂಗೆ ಕಿತ್ರು. ಅಲ್ಲೊಂದು ಬಾಣದ ಗುರುತಿನ ಹಲಗೆ ನಿಲ್ಸಿದ್ರು.

ಕತೆಲ್ಲೊ ಕೂಗಾಡ್ಲಿಲ್ಲ. ಕಬ್ಬಿಣದ ಕಂಬ ಒಂದು ಮುಟ್ಕಂಡು ನಿಂತಿದ್ದ. ಇಷ್ಟೇ ಕೇಳ್ದ: "ದೊತ್ತೋರೆ, ನಾಳೆ ನಿಮಗೇ ದಾರಿ ಬೇಕಾದ್ರೆ ಯಾರ್ನ ಕೇಳ್ತೀರ?"

"ನನಗ್ಯಾಕಪ್ಪ ದಾರಿ? ನಾನಿಲ್ಲೇ ಹುಟ್ಟಿದೋನು," ಅಂತ ರಿಸ್ಪೋಲಿ ನಕ್ಕ.

ಆಮೇಲೆ ಕತೆಲ್ಲೊ ದಿನಾ ಒಂದು ಮಡಚೋ ಕುರ್ಚಿ ತಂದು ಆ ಖಾಲಿ ಜಾಗದಲ್ಲಿ ಕೂರೋನು. ಯಾರಾದ್ರೂ ಕೇಳಿದ್ರೆ ಬಾಣದ ಕಡೆ ಬೆರಳು ಮಾಡೋನು, ಬಾಯಿ ಬಿಡ್ತಿರ್ಲಿಲ್ಲ. ಚಳಿಗಾಲ ಬರೋಕೆ ಮುಂಚೆ ಒಂದಿನ ಕೂತಲ್ಲೇ ಸತ್ತ. ಬೆರಳು ಇನ್ನೂ ಚಾಚ್ಕಂಡೇ ಇತ್ತು. ಪೆಟ್ಟಿಗೆಗೆ ಹಾಕೋವಾಗ ಆ ಬೆರಳು ಮಡಚೋಕೆ ಇಬ್ರು ಬೇಕಾದ್ರು. ಒಬ್ಬ ನಾನೇ.

ಈಗ ಆ ರಾತ್ರಿ ಕೇಳಿ.

ನವೆಂಬರು. ಬೇಗ ಕತ್ತಲಾಗಿತ್ತು. ರಿಸ್ಪೋಲಿ ಮೆಟ್ಟಿಲಿಳ್ದು ಬಂದ. ಹೊಸ ಕೋಟು, ಹೊಸ ಬೂಟು, ಕಿರ್ರ್ ಕಿರ್ರ್ ಅಂತಿತ್ತು.

"ಏನ್ ದೊತ್ತೋರೆ, ಇನ್ನೊಂದು ಮದುವೇನಾ?" ಅಂದೆ.

"ಅನಿಯೆಲ್ಲೊ, ನಾಳೆಯಿಂದ ನೀನು ನನ್ನ ಡೈರೆಕ್ಟರ್ ಸಾಹೇಬ್ರೇ ಅಂತ ಕರೀಬೇಕು."

"ಸಂಬಳ ಜಾಸ್ತಿ ಆದ್ರೆ ಕರೀತೀನಿ."

"ನನ್ನ ಸಂಬಳ ಜಾಸ್ತಿ ಆಗೋದು ಖಂಡಿತ."

"ನಾನು ಹೇಳಿದ್ದು ನನ್ನ ಸಂಬಳ."

ವಿಷ್ಯ ಏನಂದ್ರೆ, ಅವತ್ತು ಎಂಟು ಗಂಟೆಗೆ ಕಾನ್ಫರೆನ್ಸಲ್ಲಿ ಅವನ ಹೆಸ್ರು ಕೂಗ್ತಾರೆ. ವೇದಿಕೆ ಹತ್ತಿ ಎಲ್ಲರ ಮುಂದೆ ಸಹಿ ಹಾಕಿದ್ರೆ ಡೈರೆಕ್ಟರ್ ಕುರ್ಚಿ ಅವನದು. ಹಾಕ್ದಿದ್ರೆ ಪ್ರೊಫೆಸರ್ ಮೆಲೆ ಅನ್ನೋ ಹೆಂಗಸಿಗೆ. ಆ ಕುರ್ಚಿಗೆ ಅವನು ತಲೆಕೂದ್ಲು ಉದುರೋವರ್ಗೂ ಜೊಲ್ಲು ಸುರ್ಸಿದ್ದ. ಇಲ್ಲಿಂದ ಮಠಕ್ಕೆ ಎಷ್ಟು ದೂರ? ಸಿಗರೇಟು ಹಚ್ಚಿದ್ರೆ ಮುಗಿಯೋದ್ರಲ್ಲಿ ಅಲ್ಲಿರ್ತೀರ. ಕಣ್ಣು ಮುಚ್ಕಂಡು ಹೋಗೋ ದಾರಿ.

ಬಾವಿ ಪಕ್ಕ ಬಂದಾಗ ಮುಚ್ಚಳದ ಕೆಳಗೆ ಅವನಿಗೆ ಏನೋ ಕೇಳಿಸ್ತಂತೆ. ಚಕ್... ಚಕ್.

ನಿಂತ. ಇಲಿ ಅಂದ್ಕಂಡ. ಹೋದ.

ಬಲಕ್ಕೆ ತಿರುಗ್ದ. ಮೀನಂಗ್ಡಿ ದಾಟಿದ. ಹಸಿರು ಬಾಗ್ಲು... ಇಲ್ಲ. ಬರೀ ಗೋಡೆ. ಮುಂದೆ ಹೋದ, ಚೌಕಕ್ಕೇ ಬಂದ. ನಕ್ಕಂಡ. ಮತ್ತೆ ಹೋದ. ಮತ್ತೆ ಚೌಕ. ಬೆವರು ಬಂತು. ಯಾರ್ನಾದ್ರೂ ಕೇಳೋಣ ಅಂದ್ರೆ ಒಂದು ನರಪಿಳ್ಳೆ ಇಲ್ಲ. ನೇಪಲ್ಸ್‌ನಲ್ಲಿ ಆ ಹೊತ್ಗೆ ಬೀದಿ ಖಾಲಿ ಇರ್ತದಾ? ಅವತ್ತಿತ್ತು.

ಫೋನ್ ತೆಗ್ದ. ಫೋನಲ್ಲಿ ದಾರಿ ಹೇಳೋ ಹೆಂಗಸು ಇರ್ತಾಳಲ್ಲ, ಅವಳು ಶುರು ಮಾಡಿದ್ಲು. "ಎಡಕ್ಕೆ ತಿರುಗಿ... ನೇರ ಹೋಗಿ..." ಅವನು ಹೋದ. ಮಧ್ಯ ಅವಳಿಗೆ ಕೆಮ್ಮು ಬಂತು.

ಹೂಂ. ಕೆಮ್ಮು. ಸಿಗರೇಟು ಸೇದೋ ಮುದುಕರ ಕೆಮ್ಮು. ಖೊಹ್... ಖೊಹ್... ಆಮೇಲೆ ಗಂಡಸಿನ ಗಂಟ್ಲಲ್ಲಿ ಹೇಳಿದ್ಲು:

"ನೀವು ಬಂದು ಮುಟ್ಟಿದ್ದೀರಿ."

ತಲೆ ಎತ್ತಿ ನೋಡ್ದ. ಚೌಕದ ಮೂಲೆ. ಗೂಡಂಗ್ಡಿ ನಿಂತೈತೆ. ಶಟರು ಅರ್ಧ ಮೇಲೆ. ಒಳಗೆ ಹಳದಿ ಬಲ್ಬು, ಜೀ... ಅಂತೈತೆ. ನೇತಾಕಿರೋ ಪುಸ್ತಕಗಳ ಹಿಂದೆ ಯಾರೋ ಕೂತವ್ರೆ. ಮುಖ ಕಾಣಲ್ಲ. ಕೈ ಮಾತ್ರ. ಹೆಬ್ಬೆಟ್ಟು ಮಸಿ ಹತ್ತಿ ಕಪ್ಪಗೈತೆ.

ಬೇರೆ ಯಾರಾದ್ರೂ ಆಗಿದ್ರೆ ಓಡೋಗ್ತಿದ್ರು. ಇವನು ಗಡಿಯಾರ ನೋಡ್ದ. ಕುರ್ಚಿ ಆಸೆ ಅಂಥದ್ದು.

"ಮಠದ ಬಾಗ್ಲು ಎಲ್ಲಿ?" ಪಿಸುಮಾತಲ್ಲೇ ಕೇಳ್ದ.

"ಏನಾದ್ರೂ ತಗತೀರಾ?"

"ಇಲ್ಲ. ಅವಸರದಲ್ಲಿದೀನಿ."

"ಎಲ್ಲರಿಗೂ ಅವಸರವೇ..." ಬೆರಳು ಎದ್ದಿತು. "ಎಡಕ್ಕೆ. ಮೂವತ್ತೊಂದನೇ ನಂಬರ್ ಬಾಗ್ಲು."

ಓಡ್ದ. ಮೂವತ್ತೊಂದು. ನೂಕಿದ. ಒಳಗೆ ಮೆಟ್ಟಿಲು, ಮೇಲಕ್ಕೆ, ಇನ್ನೂ ಮೇಲಕ್ಕೆ. ತುದೀಲಿ ಒಂದು ಬಾಗ್ಲು, ಕೆಳಗಿಂದ ಬೆಳಕು. ತೆಗೆದ್ರೆ... ಚೌಕ. ಗೂಡಂಗ್ಡಿ. ಅಷ್ಟು ಹತ್ತಿದ ಮೇಲೂ ನೆಲದಲ್ಲೇ ಅವ್ನೆ.

"ತಪ್ಪು ಹೇಳ್ದೆ ನೀನು," ಅಂದ.

"ಹೌದಾ? ಹಂಗಾದ್ರೆ ಹನ್ನೆರಡು."

ಹನ್ನೆರಡರಲ್ಲಿ ಉದ್ದಕ್ಕೆ ಒಂದು ಓಣಿ. ಓಣಿ ಗೋಡೆ ಆಚೆ ಸಭೆ! ಮೈಕು ತಟ್ಟೋದು ಕೇಳಿಸ್ತು, ಟಕ್ ಟಕ್. ಕುರ್ಚಿ ಎಳೆಯೋ ಸದ್ದು, ಯಾರೋ ನೀರು ಬಗ್ಗಿಸ್ಕಂಡಿದ್ದು. ಆಮೇಲೆ ಸ್ಪಷ್ಟವಾಗಿ: "ದೊತ್ತೋರ್ ರಿಸ್ಪೋಲಿ, ವೇದಿಕೆಗೆ ಬರಬೇಕು."

ಇವನು ಎರಡೂ ಕೈಯಲ್ಲಿ ಗೋಡೆ ಬಡ್ದ. "ಇಲ್ಲಿದೀನಿ. ಬಂದೆ. ಇಲ್ಲೇ ಇದೀನಿ."

ಒಳಗೆ ಯಾರೋ ಅಂದ್ರು, "ಎಲ್ಲೋ ದಾರಿ ತಪ್ಪಿರ್ಬೇಕು." ಎಲ್ಲ ನಕ್ರು.

ಓಣಿ ಮುಗೀತು. ಚೌಕ.

ಈ ಸಲ ಅವನೇ ಕಿಟಕಿಗೆ ಬಿದ್ದ. "ತಗತೀನಿ. ಏನ್ ಬೇಕಾದ್ರೂ ತಗತೀನಿ." ಕಾರ್ಡ್ ಚಾಚಿದ.

"ಕಾರ್ಡ್ ನಡೆಯಲ್ಲ ದೊತ್ತೋರೆ. ಚಿಲ್ರೆ."

ಜೇಬೆಲ್ಲ ತಡಕಾಡ್ದ. ಚಿಲ್ರೆ ಎಲ್ಲಿಂದ ಬರ್ತದೆ ಅಂಥೋರ ಹತ್ರ? ಗಡಿಯಾರ ಬಿಚ್ಚಿ ಇಟ್ಟ.

"ನಂಗ್ಯಾಕೆ ಹೊತ್ತು ನೋಡೋದು ಈಗ?" ಗಡಿಯಾರನ ಆ ಕೈ ಮೆಲ್ಲಗೆ ಈಕಡೆ ತಳ್ತು. ತಣ್ಣಗಿತ್ತಂತೆ ಗಡಿಯಾರ, ಮೀನಂಗ್ಡಿ ಐಸಿನಂಗೆ.

"ಕತೆಲ್ಲೊ... ಕ್ಷಮಿಸ್ಬುಡು."

ಚಕ್... ಅಂತ ಒಂದು ಪಟ್ಟಿ ಕುಯ್ದ ಸದ್ದು. ಆಮೇಲೆ,

"ಕ್ಷಮೆನಾ? ಆ ಬೀದಿ ನಂಗೆ ಗೊತ್ತಿಲ್ಲ. ಅರವತ್ತೇಳಕ್ಕೆ ಹೋಗಿ ನೋಡಿ. ಓಡಿ, ಓಡಿ."

ಓಡ್ದ. ಓಡೋವಾಗ್ಲೇ ಮಠದ ಕಡೆಯಿಂದ ಕೇಳಿಸ್ತು, ಮೆಲೆ ಹೆಸ್ರು. ಚಪ್ಪಾಳೆ. ತಗಡಿನ ಮೇಲೆ ಆಲಿಕಲ್ಲು ಬಿದ್ದಂಗೆ ಚಪ್ಪಾಳೆ. ಹಿಂದೆ ಶಟರು ಇಳೀತು. ಘರ್ರ್ರ್... ಧಡ್.

ಬೆಳಗ್ಗೆ ಕಸ ಗುಡ್ಸೋರು ನನ್ನ ಕೂಗಿದ್ರು. ಬೇರೆ ಯಾರ್ನ ಕೂಗ್ತಾರೆ? ಹೋದೆ. ರಿಸ್ಪೋಲಿ ಆ ಖಾಲಿ ಜಾಗದ ಸುತ್ತ ಸುತ್ತಾ ಅವ್ನೆ, ಗಾಣದ ಎತ್ತಿನಂಗೆ. ಹಸಿರು ಬಾಗ್ಲು ಅಲ್ಲೇ ಗಲ್ಲೀಲಿ, ಕಣ್ಣೆದುರಿಗೇ. ಹೊಸ ಬೂಟಿಗೆ ಅಟ್ಟೆನೇ ಇಲ್ಲ. ಸವೆದು, ಕಾಲ್ಚೀಲ ಸವೆದು, ಅಂಗಾಲು ಕಲ್ಲಿಗೆ ತಾಗ್ತಾ ಐತೆ. ಒಂದೇ ರಾತ್ರೀಲಿ. ಆ ಬೂಟು ಈ ಕೈಯಲ್ಲೇ ಬಿಚ್ಚಿದ್ದು ನಾನು.

ಅವತ್ತಿಂದ ಅವನಿಗೆ ದಾರಿ ಅನ್ನೋದೇ ಇಲ್ಲ. ಅಡುಗೆಮನೆಗೆ ಅಂತ ಎದ್ದು ಬೀರು ಒಳಗೆ ಹೋಗ್ತಾನೆ. ಹೆಂಡ್ತಿ ಓರ್ಸೊಲಾ ಮಂಚದಿಂದ ಬಚ್ಚಲಿಗೆ ಬಟ್ಟೆ ಒಣಗ್ಸೋ ಹಗ್ಗ ಕಟ್ಟವ್ಳೆ. ಹಿಡ್ಕಂಡು ಹೋಗ್ತಾನೆ. ಒಂದೊಂದ್ಸಲ ಹಗ್ಗ ಹಿಡ್ಕಂಡೇ ಬಾಲ್ಕನಿ ಕಡೆ ಹೋಗಿರ್ತಾನೆ. ಅದಕ್ಕೇ ಆ ಕಿಟಕಿ ಮುಚ್ಚಿರೋದು. ಮೆಲೆ ಕುರ್ಚೀಲಿ ಕೂತವ್ಳೆ, ಕ್ರಿಸ್‌ಮಸ್ಸಿಗೆ ಕೇಕ್ ಕಳಿಸ್ತಾಳೆ. ನೋಡಿ, ಅವಮಾನ ಅಂದ್ರೆ ಅದು.

ನಾನು ಹಾಸಿಗೆ ಪಕ್ಕ ಕೂತು ಎಲ್ಲಾ ಕೇಳ್ಕಂಡೆ. ನಂಬರ್ ಬಂದಾಗ ಎರಡೆರಡ್ಸಲ ಕೇಳ್ದೆ. ಸತ್ತೋರು ಬಾಯಿಬಿಟ್ಟು ನಂಬರ್ ಹೇಳ್ದಾಗ ಲಾಟರಿ ಕಟ್ದೆ ಇರೋಕೆ ನಾನೇನು ಮಿಲಾನೋದೋನಾ? ನೇಪಲ್ಸ್‌ನೋರಿಗೆ ಸತ್ತೋರು ಹೇಳಿದ ನಂಬರ್ ಅಂದ್ರೆ ಲಾಟರಿ ನಂಬರೇ. ಅದ್ರಲ್ಲೂ ಹೇಳ್ದೋನು ನನ್ನ ಕತೆಲ್ಲೊ, ಒಬ್ಬರನ್ನೂ ತಪ್ಪು ಬಾಗ್ಲಿಗೆ ಕಳ್ಸದೋನು. ಹೆಂಡ್ತಿ ಬಳೆ ಅಡ ಇಟ್ಟೆ. ಮೂವತ್ತೊಂದು, ಹನ್ನೆರಡು, ಅರವತ್ತೇಳು. ಮೂರೂ ನಮ್ಮೂರ ಲಾಟರಿ ಚಕ್ರದ ಮೇಲೆ ಕಟ್ದೆ.

ಶನಿವಾರ ರಾತ್ರಿ ನಂಬರ್ ಎತ್ತಿದ್ರು. ಮೂವತ್ತೆರಡು. ಹದಿಮೂರು. ಅರವತ್ತೆಂಟು.

ಮೂರೂ ಪಕ್ಕದ ಬಾಗ್ಲು. ನಗ್ಬೇಡಿ. ಚೀಟಿ ಇದೇ ಜೇಬಲ್ಲೈತೆ, ದೀಪ ತನ್ನಿ, ನೋಡ್ಕೊಳ್ಳಿ. ಕಟ್ಟಿ ಕಳ್ಕೊಂಡಿದ್ದು ಏಳುನೂರ ಮೂವತ್ತಾರು ಯೂರೊ ಐವತ್ತು ಸೆಂಟು.