ಮಸ್ಕಿ ದಿನ್ನೆಯ ಮೇಲೆ ಜೀಪು ಬಿಚ್ಚಿದ ಸಂಗತಿ

ನಾನು ಶಿವಬಸಮ್ಮ, ಗಂಡ ದಿವಂಗತ ಬಸಲಿಂಗಪ್ಪ, ವಯಸ್ಸು ಅಂದಾಜು ಅರವತ್ತೆಂಟು, ಉದ್ಯೋಗ ಒಕ್ಕಲುತನ, ಸಾಕಿನ್ ಸಿಂಧನೂರು. ಊರ ಅಯ್ಯನವರ ಮಠದಲ್ಲಿ ಎರಡು ವರ್ಷ ಅಕ್ಷರ ಕಲಿತಿದ್ದೇನೆ, ಸಹಿ ಬರುತ್ತದೆ. ಮಸ್ಕಿ ಠಾಣೆಯ ಜಮೇದಾರರ ಮುಂದೆ ಹಾಜರಾಗಿ ಈ ಮೂಲಕ ಬರೆಸುವುದೇನೆಂದರೆ:

ನನ್ನ ಮಗ ಬಸವಂತರಾಯ ಮೂರು ವರ್ಷದ ಹಿಂದೆ ಮಿಲಿಟರಿಯವರ ಹರಾಜಿನಲ್ಲಿ ಒಂದು ಜೀಪು ಹಿಡಿದು ತಂದಿದ್ದಾನೆ. ನಾಲ್ಕೂ ಗಾಲಿಗೆ ಇಂಜಿನ್ನಿನ ಜೋರು ಹೋಗುವ ಗಾಡಿ, ಎಂಥ ಕೆಸರಿನಲ್ಲೂ ನಿಲ್ಲುವುದಿಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. ಸಂಕ್ರಾಂತಿಯಿಂದ ಅದು ಒಣ ಅಂಗಳದಲ್ಲೇ ನಿಂತಿತ್ತು. ಇಂಜಿನ್ ಕೆಟ್ಟಿತ್ತು, ರಿಪೇರಿಯ ಸಾಮಾನು ಸಿಂಧನೂರಿನಲ್ಲಿ ಸಿಗಲಿಲ್ಲ. ಲಿಂಗಸುಗೂರಿಗೆ ಲಾರಿಯ ಹಿಂದೆ ಕಟ್ಟಿ ಒಯ್ಯುವುದೆಂದು ಮಾತಾಯಿತು. ನಡುದಾರಿಯಲ್ಲಿ ಮಸ್ಕಿ. ನನ್ನ ಮೊಮ್ಮಗಳನ್ನು ಅಲ್ಲಿನ ಸೂಗಪ್ಪನವರ ಮನೆಗೆ ಕೊಡುವುದೆಂದು ನಿಶ್ಚಯವಾಗಿದೆ. ಹೋಗುತ್ತ ಬೀಗರ ಮನೆಯಲ್ಲಿ ಊಟ ಮಾಡಿ, ಲಗ್ನದ ದಿನ ಹಿಡಿಯಬೇಕೆಂದು ನನ್ನನ್ನೂ ಕರೆದುಕೊಂಡ.

ಜೀಪನ್ನು ದೂರದ ದಾರಿಗೆ ಸಜ್ಜು ಮಾಡಿದವನು ಮಿಸ್ತ್ರಿ ಮಸ್ತಾನಸಾಬ. ಇವನನ್ನೇ ತಾವು ನಿನ್ನೆ ಸಂಜೆಯಿಂದ ಒಳಗೆ ಕೂಡಿಸಿದ್ದೀರಿ. ಅವನ ಬಾಯಿ ಒಳ್ಳೆಯದಲ್ಲ. ಚಹಾ ತಡವಾದರೆ ನನ್ನ ಸೊಸೆಯನ್ನೂ ಗದರುತ್ತಾನೆ. ಹೇಳಿದ ದಿನ ಎಂದೂ ಬಂದವನಲ್ಲ. ಅವನ ಮೇಲೆ ನನಗೆ ಪ್ರೀತಿ ಇದೆ ಎಂದು ಯಾರೂ ತಿಳಿಯುವುದು ಬೇಡ.

ನಿನ್ನೆ ಮುಂಜಾನೆ ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಅವನು ಗಾಲಿಗಳಿಗೆ ಕಲ್ಲು ಕೊಟ್ಟು ಜೀಪಿನ ಕೆಳಗೆ ನುಗ್ಗಿದ. ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು ಜೋರು ಒಯ್ಯುವ ಉದ್ದನೆಯ ಕಬ್ಬಿಣದ ದಂಡಗಳು ಇರುತ್ತವೆ, ಅವಕ್ಕೆ ಶಾಫ್ಟು ಅನ್ನುತ್ತಾರೆ. ಎರಡನ್ನೂ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ಲಾರಿಯಲ್ಲಿ ಇಟ್ಟ. ಇದ್ದ ಸಾಮಾನು ಯಾಕೆ ಕೀಳುತ್ತೀ ಎಂದು ನಾನೇ ಕೇಳಿದೆ. ಅವು ಇದ್ದರೆ ಇಷ್ಟು ದೂರ ಎಳೆಯುವಾಗ ಒಳಗಿನ ಹಲ್ಲುಗಳು ಎಣ್ಣೆ ಸಿಗದೆ ಒಣಗಿ ತಿರುಗಿ ಸುಟ್ಟುಹೋಗುತ್ತವೆ ಎಂದ. ಗಾಲಿಗಳಿಗೆ ಗ್ರೀಸು ತುಂಬಿದ. ಹಿಂದೆ ಕೆಂಪು ಅರಿವೆ ಕಟ್ಟಿದ. ಹಗ್ಗ ಕಟ್ಟಲಿಲ್ಲ. ಇಳುಕಲಿನಲ್ಲಿ ಹಗ್ಗ ಸಡಿಲಾಗಿ ಜೀಪು ಲಾರಿಗೆ ಹೋಗಿ ಬಡಿಯುತ್ತದೆಂದು, ಚಕ್ಕಡಿಗೆ ಮೂಕಿ ಇರುವ ಹಾಗೆ ಎರಡರ ನಡುವೆ ಕಬ್ಬಿಣದ ದಂಡ ಹಾಕಿ, ಲಾರಿಯ ಕಡೆಗೆ ಒಂದು ದಪ್ಪ ಕೀಲು ಇಳಿಸಿದ. ಮೇಲೆ ಸರಪಳಿಯನ್ನೂ ಬಿಗಿದ.

ಆಮೇಲೆ ನನ್ನ ಮಗನನ್ನು ಕರೆದು, ಕಾಲಿನ ಬ್ರೇಕಿನಲ್ಲಿ ಎಣ್ಣೆ ನಿಲ್ಲುವುದಿಲ್ಲ, ಕೈಬ್ರೇಕು ಹಿಡಿಯುವುದು ಹಿಂದಿನ ಶಾಫ್ಟಿನಿಂದ, ಅದನ್ನು ಬಿಚ್ಚಿದ್ದರಿಂದ ಕೈಬ್ರೇಕು ಎಳೆದರೂ ಗಾಲಿ ನಿಲ್ಲುವುದಿಲ್ಲ ಎಂದು ಹೇಳಿದ. ಅವನು ಅಂದ ಮಾತು ಇದ್ದ ಹಾಗೇ ಬರೆದುಕೊಳ್ಳಬೇಕು. “ಗೌಡ್ರ, ಈಗ ಇದಕ್ಕ ಬ್ರೇಕ್ ಅಂದ್ರ ಲಾರೀನ. ಲಿಂಗಸುಗೂರು ಮುಟ್ಟಾತನಕ ಬಿಚ್ಚಬ್ಯಾಡ್ರಿ.” ನನ್ನ ಮಗ ಆಗಲಿ ಎಂದ. ಆಗ ಅವನು ಕನ್ನಡಿಯಲ್ಲಿ ತಲೆಯ ಪಟಗ ಸರಿ ಮಾಡಿಕೊಳ್ಳುತ್ತಿದ್ದ. ಕಿವಿಗೆ ಬಿತ್ತೋ ಇಲ್ಲವೋ ಅವನಿಗೇ ಗೊತ್ತು.

ಒಂಬತ್ತು ಗಂಟೆಗೆ ಸಿಂಧನೂರು ಬಿಟ್ಟೆವು. ಲಾರಿ ನಡೆಸಿದವನು ಜಂಗ್ಲಿಸಾಬ್. ಅವನ ಬದಿಗೆ ನಾನು, ನನ್ನ ಬದಿಗೆ ಮಗ. ಮಸ್ತಾನಸಾಬ ಹಿಂದೆ ಜೀಪಿನಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದ. ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ.

ಮಸ್ಕಿ ಇನ್ನು ಮೂರು ಫರ್ಲಾಂಗ್ ಇರುವಾಗ ದಿನ್ನೆಯ ಮೇಲೆ ನನ್ನ ಮಗ ಲಾರಿ ನಿಲ್ಲಿಸು ಎಂದ. ಅಲ್ಲಿಂದ ದಾರಿ ಊರೊಳಗೆ ಇಳಿಯುತ್ತದೆ, ಬೀಗರ ಮನೆ ದಾರಿಗೆ ಮುಖ ಮಾಡಿದೆ. ಅವನು ಇಳಿದು ಹೋಗಿ ಜೀಪು ಬಿಚ್ಚಲು ಹೇಳಿದ. ಮಸ್ತಾನಸಾಬ ಗಾಲಿಗೆ ಕಲ್ಲು ಕೊಟ್ಟು ಬಂದು, ಆಗುವುದಿಲ್ಲ ಎಂದ.

“ಸತ್ತ ಎತ್ತು ಎಳಕೊಂಡು ಹೋದಂಗ ಬೀಗರ ಬಾಗಲ ಮುಂದ ಹಾಯಲೇನು? ಇಳುಕಲ ಐತಿ, ತಾನ ಹರೀತೈತಿ. ಬಿಚ್ಚು ಲೇ,” ಎಂದ ನನ್ನ ಮಗ.

ಮಸ್ತಾನಸಾಬ ಮತ್ತೆ ಬ್ರೇಕಿನ ಮಾತು ಹೇಳಿದ. ನಾನು ಲಾರಿಯ ಕಿಡಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದೆ. ಆಗ ನನ್ನ ಮಗ ತಾನೇ ಬಗ್ಗಿ ಸರಪಳಿ ಬಿಚ್ಚಿದ, ಕಲ್ಲಿನಿಂದ ಬಡಿದು ಕೀಲು ಕಿತ್ತ. ಮಸ್ತಾನಸಾಬ ಅದನ್ನು ಕಸಿದು ಮತ್ತೆ ಹಾಕಲು ಬಂದ. ನನ್ನ ಮಗ ಓಡಿ ಬಂದು, ಲಾರಿಯ ಕಿಡಕಿಯಲ್ಲಿ ಕೈ ಹಾಕಿ, ಕೀಲನ್ನು ನನಗೆ ಕೊಟ್ಟ. “ಅವ್ವಾ, ಉಡಿಯಾಗ ಇಟ್ಕೊ. ಈ ಸಾಬ ಮತ್ತ ಹಾಕಿಬಿಡ್ತಾನ.” ಹೆಣ್ಣುಮಗಳ ಉಡಿಗೆ ಪರಗಂಡಸು ಕೈ ಹಾಕುವುದಿಲ್ಲವೆಂದು ಅವನಿಗೆ ಗೊತ್ತು. ಮಸ್ತಾನಸಾಬ ಲಾರಿಯ ಬಾಗಿಲ ತನಕ ಬಂದು, ಅವ್ವಾರೇ ಕೊಡಿರಿ ಎಂದು ಬೇಡಿ, ಎರಡು ಹೆಜ್ಜೆ ದೂರ ನಿಂತ. ನಾನು ಕೊಡಲಿಲ್ಲ. ಮೊಮ್ಮಗಳ ಲಗ್ನದ ದಿನ ಹಿಡಿಯಲು ಹೊರಟವಳ ಉಡಿಯಲ್ಲಿ ಕಬ್ಬಿಣ ಕೂತಿತ್ತು.

ಲಾರಿಯನ್ನು ಎಡಕ್ಕೆ ಸರಿಸಿದರು. ನನ್ನ ಮಗ ಜೀಪು ಹತ್ತಿ ನೆಟ್ಟಗೆ ಕೂತ. ಗಾಲಿಯ ಕಲ್ಲು ತೆಗೆದವನು ಜಂಗ್ಲಿಸಾಬ್. ತಾನು ಆಗ ಟೈರು ನೋಡುತ್ತಿದ್ದೆ, ಬೇರೆ ಏನೂ ಕಾಣಲಿಲ್ಲ ಎಂದು ಅವನು ಬರೆಸಿದ್ದಾನಂತೆ. ಕಲ್ಲು ತೆಗೆಯಬೇಕಾದರೆ ಟೈರು ನೋಡಲೇಬೇಕು, ಅಷ್ಟು ನಿಜ.

ಜೀಪು ಮೊದಲು ಮೆಲ್ಲಗೆ ಹೋಯಿತು. ಆಮೇಲೆ ಜೋರಾಯಿತು. ಮಸ್ತಾನಸಾಬ ದೊಡ್ಡ ಕಲ್ಲು ಎತ್ತಿಕೊಂಡು ಗಾಲಿಗೆ ಕೊಡಲು ಹಿಂದೆ ಓಡಿದ, ಮುಟ್ಟಲಿಲ್ಲ. ಬೀಗರು ಸೂಗಪ್ಪನವರು ಕಟ್ಟೆಯ ಮೇಲೆ ನಿಂತು ಶರಣು ಮಾಡಲು ಕೈ ಎತ್ತಿದ್ದರು. ಜೀಪು ಅವರ ಮುಂದೆ ಹಾಯ್ದು ಹೋಯಿತು, ಅವರ ಕೈ ಎತ್ತಿದ ಹಾಗೇ ಇತ್ತು. ಮುಂದೆ ಹೊನ್ನೂರಪ್ಪ ಎಂಬ ರೈತ ತಲೆಯ ಮೇಲೆ ಜೋಳದ ಸೊಪ್ಪೆಯ ಹೊರೆ ಹೊತ್ತು ಹೊರಟಿದ್ದ. ಇಂಜಿನ್ನಿನ ಸದ್ದಿಲ್ಲದ ಗಾಡಿ, ಹಾರ್ನಿಲ್ಲ. ನನ್ನ ಮಗ ಕೂಗಿದ, ಹೊರೆಯ ಕೆಳಗಿದ್ದ ಮನುಷ್ಯ ತಿರುಗಲಿಲ್ಲ. ಜೀಪು ಅವನ ಮೇಲೆ ಹೋಗಿ, ಬಾವಿಯ ಕಟ್ಟೆಗೆ ಬಡಿದು ನಿಂತಿತು. ನನ್ನ ಮಗನ ಮೊಳಕೈ ತರಚಿದೆ. ಹೊನ್ನೂರಪ್ಪನ ಬಲಗಾಲು ತೊಡೆಯಲ್ಲಿ ಮುರಿದಿದೆ. ಅದೇ ಲಾರಿಯಲ್ಲಿ ಲಿಂಗಸುಗೂರು ದವಾಖಾನೆಗೆ ಒಯ್ದರು. ಕಾಲು ಉಳಿಯುವುದೋ ಇಲ್ಲವೋ ಇನ್ನೂ ಹೇಳಿಲ್ಲ.

ಬೀಗರ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ನನ್ನ ಮಗ ನನ್ನನ್ನು ಹಿತ್ತಲಿಗೆ ಕರೆದು, ಮಿಸ್ತ್ರಿ ಕೀಲು ಸರಿಯಾಗಿ ಹಾಕಿರಲಿಲ್ಲ, ದಾರಿಯಲ್ಲಿ ಜಾರಿ ಬಿತ್ತು ಎಂದು ತಾನು ಠಾಣೆಯಲ್ಲಿ ಬರೆಸಿದ್ದಾಗಿ ಹೇಳಿದ. ನಿಜ ಹೇಳಿದರೆ ಲಗ್ನ ನಿಲ್ಲುತ್ತದೆ, ತನ್ನ ಮಗಳ ಮುಖ ನೋಡು ಎಂದ.

“ಅವ್ವಾ, ಆ ಕೀಲ ಹಳ್ಳಕ್ಕ ಒಗದುಬಿಡು.”

“ಹೊನ್ನೂರಪ್ಪನ ಕಾಲು ಯಾವ ಹಳ್ಳಕ್ಕ ಒಗೀಲಿ?” ಎಂದು ಕೇಳಿದೆ. ಅವನು ತಿರುಗಿ ಒಳಗೆ ಹೋದ. ನಾನು ಕೀಲು ಎಸೆಯುತ್ತೇನೆಂದು ತಿಳಿದಿರಬೇಕು.

ಕೀಲು ನನ್ನ ಉಡಿಯಲ್ಲಿದೆ ಎಂದು ಮಸ್ತಾನಸಾಬ ತಮಗೆ ಹೇಳಿಲ್ಲವೆಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಮನೆಯ ಹಿರಿಯಳ ಹೆಸರು ಠಾಣೆಗೆ ತರಬಾರದೆಂದು ಸುಮ್ಮನಿದ್ದನೋ, ಹೇಳಿದರೆ ನಂಬುವವರಿಲ್ಲವೆಂದು ಸುಮ್ಮನಿದ್ದನೋ ಕೇಳಿಲ್ಲ. ಇಷ್ಟು ಬಾಯಿಯವನು ಈ ಒಂದು ಮಾತಿಗೆ ಬಾಯಿ ಮುಚ್ಚಿದ್ದಾನೆ.

ಕೀಲನ್ನು ಈಗ ತಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ. ನೋಡಿಕೊಳ್ಳಿ, ಮುರಿದಿಲ್ಲ, ಸವೆದಿಲ್ಲ. ತಲೆಯ ಮೇಲೆ ಕಲ್ಲಿನಿಂದ ಬಡಿದ ಗುರುತು ಇದೆ. ಜಾರಿ ಬಿದ್ದ ಕೀಲು ಮುದುಕಿಯ ಉಡಿಗೆ ಬಂದು ಬೀಳುವುದಿಲ್ಲ. ಅದಕ್ಕೆ ಹಚ್ಚಿದ ಗ್ರೀಸು ನನ್ನ ಸೀರೆಗೂ ಹತ್ತಿದೆ. ಸೀರೆಯೂ ಬೇಕಾದರೆ ಮನೆಯಿಂದ ಬೇರೆ ತರಿಸಿ ಇದನ್ನು ಕೊಡುತ್ತೇನೆ.

ಮಸ್ತಾನಸಾಬನನ್ನು ಬಿಡಬೇಕು. ನನ್ನ ಮಗ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದಾನೆ. ತಾಯಿ ತನ್ನ ಪರವಾಗಿ ಬರೆಸುತ್ತಾಳೆಂದು ಅವನೇ ನನ್ನನ್ನು ಕರೆತಂದಿದ್ದಾನೆ. ಅವನನ್ನು ಒಳಗೆ ಕರೆಯುವಾಗ ನಾನು ಇಲ್ಲೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ.

ಈ ಬರಹವನ್ನು ಜಮೇದಾರರು ಎರಡು ಸಲ ಓದಿ ಹೇಳಿದರು. ನಾನು ಕಂಡದ್ದು, ಕೇಳಿದ್ದು ಬಿಟ್ಟು ಇದರಲ್ಲಿ ಬೇರೆ ಏನೂ ಇಲ್ಲ. ಹೆಬ್ಬೆಟ್ಟು ಸಾಕು ಎಂದರು. ಬೇಡವೆಂದು ನನ್ನ ಕೈಯಿಂದಲೇ ಹೆಸರು ಬರೆದಿದ್ದೇನೆ.

ಸ್ಥಳ: ಮಸ್ಕಿ
ತಾರೀಖು: 14-2-1955

(ಸಹಿ) ಶಿವಬಸಮ್ಮ, ಬಸವಂತರಾಯನ ತಾಯಿ