ಕಮಲಕ್ಕನ ಹಾಲು

“ಹಲೋ... ಹಲೋ, ಯಾರು ಮಾತಾಡಾದು? ಕಮಲಕ್ಕ ಅಲ್ವಾ?...”

ಹರಿಹರೇಶ್ವರನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಉಮಾಮಹೇಶ್ವರಿ ಇನ್ನೊಂದು ಕಿವಿಗೆ ಸೆರಗು ಒತ್ತಿಕೊಂಡಳು. ಹದಡಿಯ ಮಹಿಳಾ ಹಾಲಿನ ಸಂಘಕ್ಕೆ ಅವಳು ಅಧ್ಯಕ್ಷೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಂದು ಬೆಳಿಗ್ಗೆ ಟೆಸ್ಟ್ ಮಾಡಿದಾಗ ಕಮಲಕ್ಕನ ಹಾಲಿನಲ್ಲಿ ನೀರು ಕಂಡು, ಸಾಲಿನಲ್ಲಿ ನಿಂತವರೆಲ್ಲರ ಎದುರು ಕ್ಯಾನು ವಾಪಸ್ ಕಳಿಸಿದ್ದಳು. ಬರೀ ಕಳಿಸಿದ್ದರೆ ಆಗುತ್ತಿತ್ತು. ಮೇಲೆ ಒಂದು ಮಾತೂ ಆಡಿದ್ದಳು. ಹರಿಹರದ ಮೀಟಿಂಗ್ ಮುಗಿಸಿ ಗುಡಿಗೆ ಬಂದವಳಿಗೆ ದೇವರೆದುರು ಕೈ ಮುಗಿಯಲು ಮನಸ್ಸು ಒಪ್ಪಲೇ ಇಲ್ಲ.

“ವಾಣಿಶ್ರೀ ಏನೇ? ಅತ್ತೆ ಎಲ್ಲಿ?... ಹಾಂ... ಬೆಳಗಿಂದ ಉಂಡೇ ಇಲ್ವಾ?...”

“ಇಲ್ಲ ಕಣವ್ವಾ, ಬೈಯಾಕೆ ಫೋನ್ ಮಾಡಿಲ್ಲ. ಮೊದ್ಲು ಅಳಾದು ನಿಲ್ಸು. ಯಾಕ ಅಳ್ತೀ?...”

“ಏನು?... ನೀನಾ?... ಕಾಲು ತಗುಲಿ ಕ್ಯಾನು ಉರುಳ್ತಾ?... ಮತ್ತೆ ಅತ್ತೆಗೆ ಹೇಳಾದಲ್ವಾ... ಹಾಂ... ಮದ್ವಿಯಾಗಿ ಬಂದು ಮೂರು ತಿಂಗ್ಳು, ಕಾಲ್ಗುಣ ಸರಿಯಿಲ್ಲ ಅಂತಾರೆ ಅಂತ... ಅದಕ್ಕೆ ಚೆಲ್ಲಿದಷ್ಟಕ್ಕೂ ನೀರು ಹುಯ್ದ್ಯಾ? ಅಯ್ಯೋ ಹುಚ್ಚು ಹುಡುಗಿ...”

“ಅತ್ತೆಗೆ ಯಾವಾಗ ಗೊತ್ತಾತು?... ಡೇರಿಯಾಗೇನಾ? ನಿನ್ನ ಮುಖ ನೋಡೇ ತಿಳ್ಕಂಡ್ಲಾ?... ತಿಳಿದೂ ನನ್ನ ಮಾತು ಕೇಳಿಸ್ಕಂಡು ಹೋದ್ಲಾ?...”

ಮನೆಮನೆಗೆ ಹೋಗಿ, ‘ನಮ್ಮ ಉಮಾ ಕೂಡ್ರಲಿ ಕುರ್ಚಿ ಮ್ಯಾಲೆ’ ಎಂದು ಹೆಂಗಸರನ್ನೆಲ್ಲ ಒಪ್ಪಿಸಿದವಳು ಕಮಲಕ್ಕ. ಅಂಥವಳಿಗೆ ಉಮಾ ಆಡಿದ ಮಾತು, ‘ಕುರ್ಚಿ ಕೊಡಿಸಿದ್ದು ಇದಕ್ಕೇನಾ?’

“ಅತ್ತೆಗೆ ಕೊಡವ್ವಾ ಫೋನು... ಬರಲ್ಲಂತಾ?... ಉಮಾ ಕಾಲಿಗೆ ಬೀಳ್ತಾಳಂತೆ ಅನ್ನು...”

“ಅಕ್ಕಾ... ಹಾಂ, ನಾನೇ... ಅಧ್ಯಕ್ಷರೇ ಅನ್ನಬ್ಯಾಡಕ್ಕ, ಕೆನ್ನಿಗೆ ಹೊಡೆದಂಗಾಗ್ತೈತೆ...”

“ವಾಪಸ್ ಕಳ್ಸಿದ್ದು ಸರಿ ಅಂತೀಯಾ?... ಹೌದು, ಆಡಿದ ಮಾತು ತಪ್ಪು. ಆ ಮಾತಿಗೇ ಫೋನ್ ಮಾಡಿದ್ದು ಕಣಕ್ಕ...”

“ನಾಳೆ ಎಲ್ಲರ ಮುಂದೆ ನಡೆದದ್ದು ಹೇಳಿಬಿಡ್ತೀನಿ... ಯಾಕ ಬ್ಯಾಡ? ಊರು ನಿನ್ನ ಏನಂದ್ಕಂಡೈತೆ ಗೊತ್ತಾ?... ಹಾಂ... ಹಾಲು ಒದ್ದ ಸೊಸಿ ಅಂತ ಹೆಸರು ಬಿದ್ರೆ ಸಾಯಾತನಕ ಹೋಗಲ್ಲ, ಅದೂ ಖರೆ... ಹಂಗಾದ್ರೆ ನಿನ್ನ ಮ್ಯಾಲೆ ಬಿದ್ದದ್ದು?...”

‘ನನ್ನ ಮ್ಯಾಲೇ ಇರ್ಲಿ’ ಎಂದು ಅತ್ತಲಿಂದ ಬಂದ ಉತ್ತರ ಚಿಕ್ಕದು. ಅದನ್ನು ಕೇಳಿ ಉಮಾಮಹೇಶ್ವರಿ ಕಣ್ಣು ಮುಚ್ಚಿದಳು. ನಿಜ ಹೇಳಿ ಕಮಲಕ್ಕನನ್ನು ಉಳಿಸುವ ದಾರಿಯೂ ಮುಚ್ಚಿಹೋಯಿತು.

“ಆಗ್ಲಿ. ದೇವ್ರ ಎದುರು ಕುಂತೀನಿ, ಆ ಹುಡುಗಿ ಹೆಸರು ಎತ್ತಲ್ಲ... ಆದ್ರೆ ನಾನಾಡಿದ ಮಾತಿಗೆ ಎಲ್ಲರೆದುರು ಕೈ ಮುಗೀತೀನಿ. ಅದನ್ನಾದ್ರೂ ಮಾಡಾಕೆ ಬಿಡು...”

“ನಾಳೆ ಹಾಲು ತರ್ತೀಯಲ್ವಾ?... ಏನು?... ನಾಳೆನೂ ಟೆಸ್ಟ್ ಮಾಡ್ತೀಯಾ ಅಂತ ಕೇಳ್ತೀಯಾ?...”

ಇಲ್ಲ ಎಂಬ ಒಂದು ಮಾತಿಗೆ ಹಳೆಯ ಸಲಿಗೆ ಮರಳಿ ಬರುತ್ತಿತ್ತೇನೋ.

“ಮಾಡ್ತೀನಿ ಕಣಕ್ಕ. ಎಲ್ಲರದೂ ಮಾಡ್ತೀನಿ. ನಿಂದೂ... ಹಾಂ?... ಅದೇ ಸರಿ ಅಂತೀಯಾ... ಮತ್ತೆ ಬರ್ತೀಯಲ್ವಾ?...”

“ವಾಣಿಶ್ರೀ ಕೈಲಿ ಕಳಿಸ್ತೀಯಾ?... ಸರಿ, ಕಳ್ಸು, ಅಂಜಬ್ಯಾಡ ಅನ್ನು... ಮತ್ತೆ ನೀನು?... ನೀನು ಬರಲ್ವಾ?... ಅಕ್ಕಾ, ಡೇರಿ ಬಾಗ್ಲತಂಕ ಆದ್ರೂ... ಹಲೋ?... ಹಲೋ...”

ಲೈನು ಕಟ್ಟಾಗಿತ್ತು.